ಹೆಸರಿಲ್ಲದ ಬಟನ್ನುಗಳು

ಕಣ್ಣು ಕಾಣದವರು ಕಂಪ್ಯೂಟರ್ ಹೇಗೆ ಬಳಸುತ್ತಾರೆ ಎಂದು ಕೇಳುವವರು ಈಗಲೂ ಸಿಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲದ್ದನ್ನು ಕೇಳುವುದು ಒಳ್ಳೆಯ ಲಕ್ಷಣ. ನನ್ನ ಸಿಟ್ಟೆಲ್ಲ ಗೊತ್ತಿರಲೇಬೇಕಾದವರ ಮೇಲೆ. ಅರ್ಜಿ, ಬ್ಯಾಂಕು, ಟಿಕೆಟ್ಟು ಎಂದು ಅಂತರಜಾಲದಲ್ಲಿ ಪುಟಗಳನ್ನು ಕಟ್ಟುವ ಎಂಜಿನಿಯರುಗಳ ಮೇಲೆ, ಕಟ್ಟಿಸಿ ಬಿಲ್ಲಿಗೆ ಸಹಿ ಹಾಕುವ ಅಧಿಕಾರಿಗಳ ಮೇಲೆ.

ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷದಿಂದ ಕನ್ನಡ ಪಾಠ ಹೇಳಿಕೊಂಡಿರುವ ನನಗೆ ಈ ವಿಷಯದಲ್ಲಿ ಬಾಯಿ ಹಾಕುವ ಯೋಗ್ಯತೆ ಏನಿದೆ ಎನ್ನಬಹುದು. ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರ ಪಕ್ಕದ ಕುರ್ಚಿ ನನ್ನದು, ಅಷ್ಟೇ ಯೋಗ್ಯತೆ. ಅವರಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಅವರ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶವಿದೆ. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆಸ್ಟ್ರೇಲಿಯದ ಮೈಕೇಲ್ ಕರನ್ 2006ರಲ್ಲಿ ಶುರುಮಾಡಿ, ಗೆಳೆಯ ಜೇಮ್ಸ್ ಟೆ ಜೊತೆಗೂಡಿ ಬೆಳೆಸಿದ್ದು. ಇಬ್ಬರೂ ಅಂಧರು. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮೇಷ್ಟ್ರಿಗೆ ಮೌಸ್ ಬೇಡ. ಟ್ಯಾಬ್ ಕೀಲಿ ಒತ್ತುತ್ತ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾರೆ. ಅವರು ಕೇಳಿಸಿಕೊಳ್ಳುವ ವೇಗಕ್ಕೆ ನನ್ನ ಕಿವಿ ನಿಲುಕುವುದಿಲ್ಲ.

ಇಂಥವರು ಕಳೆದ ವರ್ಷ ಒಂದು ತರಬೇತಿಗೆ ಹೆಸರು ನೋಂದಾಯಿಸಲು ಕೂತರು. ಮೊದಲ ಖಾನೆಗೆ ಹೋದಾಗ ತಂತ್ರಾಂಶ ‘ಎಡಿಟ್, ಬ್ಲ್ಯಾಂಕ್’ ಎಂದಿತು. ಎರಡನೆಯದಕ್ಕೂ ಅದೇ, ಮೂರನೆಯದಕ್ಕೂ ಅದೇ. ಅಲ್ಲಿ ಕೇಳಿರುವುದು ಹೆಸರೋ, ಊರೋ, ಖಾತೆ ಸಂಖ್ಯೆಯೋ? ಖಾನೆಯ ಪಕ್ಕದಲ್ಲಿದ್ದ ಪದ ನನ್ನ ಕಣ್ಣಿಗೆ ಕಾಣುತ್ತಿತ್ತು, ಆದರೆ ಒಳಗಿನಿಂದ ಅದನ್ನು ಖಾನೆಗೆ ಜೋಡಿಸಿರಲಿಲ್ಲ. ಹುಟ್ಟಿದ ದಿನಾಂಕಕ್ಕೆ ಒಂದು ಕ್ಯಾಲೆಂಡರ್ ತೆರೆಯಿತು. ಅದು ಮೌಸಿಗೆ ಮಾತ್ರ ಬಗ್ಗುವಂಥದು, ಟೈಪು ಮಾಡಲು ಬಿಡದು. ಏನೋ ತಪ್ಪಾದಾಗ ಮೇಲೆ ಕೆಂಪಕ್ಷರದಲ್ಲಿ ಸೂಚನೆ ಬಂತು. ತಂತ್ರಾಂಶ ತುಟಿ ಬಿಚ್ಚಲಿಲ್ಲ. ಕೊನೆಯಲ್ಲಿದ್ದ ‘ಸಲ್ಲಿಸಿ’ ಎಂಬುದು ಬಟನ್ನಿನಂತೆ ಬಣ್ಣ ಬಳಿದ ಬರೀ ಚೌಕ. ಟ್ಯಾಬ್ ಒತ್ತಿದರೆ ಅದನ್ನು ದಾಟಿ ಮುಂದೆ ಹೋಗುತ್ತದೆ. “ಬಟನ್ ಎಲ್ಲಿದೆ ಮೇಡಂ?” ಎಂದರು. ಕಡೆಗೆ ಶಾಲೆಯ ಗುಮಾಸ್ತರಿಗೆ ಪಾಸ್‌ವರ್ಡ್ ಹೇಳಿ ತುಂಬಿಸಿದ್ದಾಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರ ನಡುವೆ ಅದನ್ನು ಹೇಳುವಾಗ ಅವರ ದನಿ ಇಳಿದುಹೋಗಿತ್ತು.

ಸಂಬಂಧಪಟ್ಟ ಕಚೇರಿಗೆ ನಾನೇ ಫೋನ್ ಮಾಡಿದೆ. “ಮನೆಯವರು ಯಾರಾದರೂ ತುಂಬಿಕೊಡಬಹುದಲ್ಲ ಮೇಡಂ” ಎಂಬ ಉತ್ತರ ಬಂತು. ಪಾಠ ಹೇಳುವ, ಸಂಸಾರ ತೂಗಿಸುವ, ತೆರಿಗೆ ಕಟ್ಟುವ ಮನುಷ್ಯ ತನ್ನ ಸಂಬಳ, ಸಾಲ, ಕಾಯಿಲೆಗಳನ್ನೆಲ್ಲ ಇನ್ನೊಬ್ಬರ ಮುಂದೆ ಬಿಚ್ಚಿಡಬೇಕೆ? ನಿಮ್ಮ ಬ್ಯಾಂಕಿನ ಪಾಸ್‌ವರ್ಡನ್ನು ನೀವು ಪಕ್ಕದ ಮನೆಯವರಿಗೆ ಕೊಡುತ್ತೀರಾ ಸ್ವಾಮಿ? ಕಾಗದದ ಕಾಲದಲ್ಲೂ ಬೇರೆಯವರೇ ಬರೆದುಕೊಡುತ್ತಿದ್ದರು, ನಿಜ. ಆ ಹಂಗು ತಪ್ಪಿಸಬಲ್ಲ ಯಂತ್ರ ಬಂದ ಮೇಲೂ ಹಂಗು ಹಾಗೇ ಉಳಿಯಬೇಕೆಂದರೆ ಯಂತ್ರ ತಂದದ್ದು ಯಾವ ಪುರುಷಾರ್ಥಕ್ಕೆ?

ಇನ್ನು ಖರ್ಚಿನ ನೆಪ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯನ್ನು ವಿಚಾರಿಸಿದೆ. ಖಾನೆಗೆ ಹೆಸರು ಜೋಡಿಸಲು ಒಂದು ಸಾಲು ಸಾಕಂತೆ. ಬಣ್ಣದ ಚೌಕದ ಬದಲು ಎಚ್‌ಟಿಎಂಎಲ್‌ನಲ್ಲಿ ಸಿದ್ಧವಾಗಿಯೇ ಇರುವ ನಿಜವಾದ ಬಟನ್ ಬಳಸಿದರೆ ಕೀಲಿಮಣೆಗೆ ತಾನಾಗಿ ಸಿಗುತ್ತದೆ. ಪುಟದಲ್ಲಿ ತಟ್ಟನೆ ಮೂಡುವ ಸೂಚನೆಗಳನ್ನು ಓದಿಸಲು ‘ಏರಿಯಾ’ ಎಂಬ ಕ್ರಮ 2014ರಲ್ಲೇ ಅಂತಿಮಗೊಂಡಿದೆ. ಎಲ್ಲರಿಗೂ ಎಟುಕುವಂತೆ ಪುಟ ಕಟ್ಟುವುದು ಹೇಗೆಂಬ ಮೊದಲ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂದದ್ದು 1999ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳು ನನ್ನ ಕೈಕೆಳಗೆ ಓದಿ ಈಗ ಎಂಜಿನಿಯರುಗಳಾಗಿದ್ದಾರೆ! ಮನೆ ಎದ್ದ ಮೇಲೆ ಗೋಡೆ ಒಡೆದು ಬಾಗಿಲಿಡುವುದಕ್ಕೆ ಖರ್ಚು ಬೀಳುತ್ತದೆ, ಒಪ್ಪಿದೆ. ಬಾಗಿಲಿಲ್ಲದೆ ಕಟ್ಟಿ ಎಂದವರು ಯಾರು?

ಕ್ಯಾಪ್ಚಾ ಎಂಬುದಂತೂ ಅವಮಾನವೇ ಸರಿ. ಯಂತ್ರವಲ್ಲ, ಮನುಷ್ಯ ಎಂದು ಸಾಬೀತುಪಡಿಸಲು ಸೊಟ್ಟ ಅಕ್ಷರಗಳ ಚಿತ್ರ ನೋಡಿ ಬರೆಯಬೇಕು. ಅದು ಕಾಣದವನು ಮನುಷ್ಯನಲ್ಲವೆ? ಎಷ್ಟೋ ಪುಟಗಳಲ್ಲಿ ಅದನ್ನು ದನಿಯಲ್ಲಿ ಕೇಳುವ ಅನುಕೂಲವೂ ಇರುವುದಿಲ್ಲ.

ಕಾನೂನಿಗೇನೂ ಬರವಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದು. ಬ್ಯಾಂಕು, ಸಿಮ್ಮುಗಳ ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎನ್ನುವ ಪದ್ಧತಿಯ ವಿರುದ್ಧ ಆಸಿಡ್ ದಾಳಿಗೆ ಒಳಗಾದವರೂ ದೃಷ್ಟಿಹೀನರೊಬ್ಬರೂ ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ಬಂದ ತೀರ್ಪು, ಡಿಜಿಟಲ್ ಸೇವೆ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. 20 ನಿರ್ದೇಶನಗಳನ್ನೂ ಕೊಟ್ಟಿತು. ಕಣ್ಣು ಮಿಟುಕಿಸಲಾಗದವರು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತಲ್ಲ!

ಡಿಸೆಂಬರ್ 3 ಬಂತೆಂದರೆ ಅಂಗವಿಕಲರ ದಿನಾಚರಣೆ. ವೇದಿಕೆ, ಹಾರ, ಲ್ಯಾಪ್‌ಟಾಪ್ ವಿತರಣೆ, ಫೋಟೋ. ಲ್ಯಾಪ್‌ಟಾಪ್ ಪಡೆದ ಹುಡುಗ ಮನೆಗೆ ಹೋಗಿ ವಿದ್ಯಾರ್ಥಿವೇತನದ ಅರ್ಜಿ ತೆರೆದರೆ ಮತ್ತದೇ ‘ಎಡಿಟ್, ಬ್ಲ್ಯಾಂಕ್’. ದಾನ ಕೊಡುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಖಾನೆಗೊಂದು ಹೆಸರು ಬರೆಯುವ ಕೈ ಸಾಲುತ್ತಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಬಿಲ್ಲಿಗೆ ಸಹಿ ಹಾಕುವ ಮೊದಲು ಅಧಿಕಾರಿ ಮೌಸ್ ಕಿತ್ತಿಟ್ಟು, ಪರದೆಗೊಂದು ಟವೆಲ್ ಹೊದಿಸಿ ತಮ್ಮದೇ ಅರ್ಜಿಯನ್ನು ತುಂಬಿ ನೋಡಲಿ. ಅದು ಕಷ್ಟವೆಂದರೆ ಪರೀಕ್ಷಿಸಲು ಕಣ್ಣು ಕಾಣದವರನ್ನೇ ಕರೆಸಲಿ, ಪ್ರಯಾಣ ಭತ್ಯೆ ಕೊಟ್ಟು, ಮರ್ಯಾದೆಯಿಂದ. ನಮ್ಮ ಮೇಷ್ಟ್ರು ಒಂದು ದಿನ ರಜೆ ಹಾಕಿ ಬರಲು ತಯಾರಿದ್ದಾರೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.