ಪ್ರಾಣದ ಮೇಲಣ ವಕಾಲತ್ತು

ಮರಣದಂಡನೆ ಇರಬೇಕೆ, ಬೇಡವೆ ಎಂಬುದು ಹಳೆಯ ವಾದ; ಅದನ್ನು ನಾವಿಲ್ಲಿ ಎತ್ತಿಕೊಂಡಿಲ್ಲ. ಇರಬೇಕೆನ್ನುವವರೂ ಒಪ್ಪಲೇಬೇಕಾದ ಮಾತೊಂದುಂಟು: ಕೊರಳಿಗೆ ಹಗ್ಗ ಬೀಳುವ ಮುನ್ನ, ಆ ಕೊರಳಿನ ಪರವಾಗಿ ಬಲ್ಲವರೊಬ್ಬರು ನಿಂತು ವಾದಿಸಿರಬೇಕು.

ಮಧ್ಯಪ್ರದೇಶದ ಖಂಡ್ವಾದಲ್ಲಿ 2013ರಲ್ಲಿ ನಡೆದ ಮೊಕದ್ದಮೆಯನ್ನೇ ನೋಡಬಹುದು. ಬಾಲಿಕೆಯೊಬ್ಬಳ ಮೇಲೆ ಅತ್ಯಾಚಾರ, ಕೊಲೆ. ಯಾರ ರಕ್ತವಾದರೂ ಕುದಿಯುವಂಥ ಕೃತ್ಯ. ಆಪಾದಿತ ಬಡ ಯುವಕ. ಆತನಿಗೆ ಕಾನೂನು ನೆರವಿನ ವಕೀಲರನ್ನು ಗೊತ್ತುಮಾಡಿದ್ದು ದೋಷಾರೋಪ ಹೊರಿಸಿದ ದಿನವೇ. ಅಲ್ಲಿಂದ ಎರಡು ವಾರ ತುಂಬುವುದರೊಳಗೆ ಮರಣದಂಡನೆಯೂ ಆಗಿಹೋಯಿತು. ಹದಿನಾಲ್ಕು ಸಾಲಿನ ಪದ್ಯವೊಂದನ್ನು ತರಗತಿಗೆ ಒಯ್ಯುವ ಅಧ್ಯಾಪಕನೂ ಹಿಂದಿನ ರಾತ್ರಿ ಅದನ್ನು ಓದಿಕೊಳ್ಳುತ್ತಾನೆ. ಇಲ್ಲಿ ಆ ವಕೀಲರಿಗೆ ಅಷ್ಟು ಅವಕಾಶವೂ ದೊರೆಯಲಿಲ್ಲ. ಉಚ್ಚ ನ್ಯಾಯಾಲಯವು ಶಿಕ್ಷೆಯನ್ನು ಸ್ಥಿರಪಡಿಸಿತು. 2019ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿ, ಹೊಸದಾಗಿ ವಿಚಾರಣೆ ನಡೆಯಲೆಂದಿತು. ಪುನಃ ಮರಣದಂಡನೆ, ಪುನಃ ರದ್ದು. ಕಡೆಗೆ 2024ರಲ್ಲಿ ಆತ ನಿರ್ದೋಷಿಯೆಂದು ಬಿಡುಗಡೆಯಾದ. ಸೆರೆಮನೆಯಲ್ಲಿ ಕಳೆದದ್ದು ಹನ್ನೊಂದು ವರ್ಷ. ಇನ್ನು ಆ ಮಗುವಿನ ತಂದೆತಾಯಿಗಳಿಗಾದರೂ ಈ ಆತುರದಿಂದ ಯಾವ ನ್ಯಾಯ ದೊರೆಯಿತು?

ಕಡೆಯ ಗಳಿಗೆಯಲ್ಲಿ ನೇಮಿಸಿದ ವಕೀಲ ವಕೀಲನೇ ಅಲ್ಲವೆಂಬ ಅರ್ಥದ ಮಾತನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಲಬಾಮದ ಕರಿಯ ತರುಣರ ಮೊಕದ್ದಮೆಯಲ್ಲಿ 1932ರಷ್ಟು ಹಿಂದೆಯೇ ಆಡಿತ್ತು. ನಮ್ಮ ನ್ಯಾಯಾಲಯವು 2019ರ ಆ ತೀರ್ಪಿನಲ್ಲಿ ಅಳತೆಯನ್ನೇ ಹಾಕಿಕೊಟ್ಟಿತು: ಇಂಥ ಮೊಕದ್ದಮೆಗಳಲ್ಲಿ ಕನಿಷ್ಠ 10 ವರ್ಷ ವೃತ್ತಿ ನಡೆಸಿದವರನ್ನೇ ನೇಮಿಸಬೇಕು, ಸಿದ್ಧತೆಗೆ ಸಾಮಾನ್ಯವಾಗಿ 7 ದಿನವಾದರೂ ಇರಬೇಕು, ಉಚ್ಚ ನ್ಯಾಯಾಲಯದಲ್ಲಿ ಹಿರಿಯ ವಕೀಲರನ್ನು ಮೊದಲು ಪರಿಗಣಿಸಬೇಕು.

ಮೇಲ್ಮನವಿಯ ಹಂತವನ್ನು ಇಲ್ಲಿ ಒತ್ತಿಹೇಳಲು ಕಾರಣವಿದೆ. ಉಚ್ಚ ನ್ಯಾಯಾಲಯವು ಸ್ಥಿರಪಡಿಸದೆ ಯಾವ ಮರಣದಂಡನೆಯೂ ಜಾರಿಯಾಗದು. ಸಾಕ್ಷ್ಯವನ್ನೆಲ್ಲ ಮರಳಿ ತೂಗುವ, ಬೇಕಾದರೆ ಹೊಸ ಸಾಕ್ಷ್ಯವನ್ನು ತರಿಸಿಕೊಳ್ಳುವ ಅಧಿಕಾರ ಅದಕ್ಕುಂಟು. ಆದರೆ ಕೇಳುವವರಿಲ್ಲದೆ ಅಧಿಕಾರ ತಾನಾಗಿ ಏಳುವುದಿಲ್ಲ. 1980ರ ಬಚನ್ ಸಿಂಗ್ ತೀರ್ಪಿನಂತೆ ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಬೇಕು: ಅವನ ವಯಸ್ಸು, ಮನಃಸ್ಥಿತಿ, ಸುಧಾರಿಸುವ ಸಾಧ್ಯತೆ. ಇವು ಕಡತದಲ್ಲಿರುವ ಸಂಗತಿಗಳಲ್ಲ. ಕೈದಿಯೊಡನೆ ಕುಳಿತು, ಅವನ ಮನೆಯವರನ್ನು ಹುಡುಕಿ ಕೇಳಿ ತಿಳಿಯಬೇಕಾದವು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಚ್ಚ ನ್ಯಾಯಾಲಯದ ತಮ್ಮ ವಕೀಲರನ್ನು ತಾವು ಕಂಡೇ ಇಲ್ಲವೆಂದ ಕೈದಿಗಳೇ ಹೆಚ್ಚು. ಮುಖವನ್ನೇ ಕಾಣದವರು ಆ ಮನುಷ್ಯನ ಪರವಾಗಿ ಏನೆಂದು ವಾದಿಸಿಯಾರು?

ಉಚಿತ ಕಾನೂನು ನೆರವು 1976ರಿಂದ ಸಂವಿಧಾನದ ನಿರ್ದೇಶಕ ತತ್ತ್ವಗಳಲ್ಲಿ ಸೇರಿದೆ. ಉಚಿತವೆಂದರೆ ಅಗ್ಗವೆಂದು ಸರ್ಕಾರಗಳು ಬಗೆಯಬಾರದು. ನೇಮಕಗೊಂಡ ವಕೀಲರಿಗೆ ತಕ್ಕ ಸಂಭಾವನೆ, ಸೆರೆಮನೆಗೆ ಹೋಗಿಬರುವ ವೆಚ್ಚ, ಕೈದಿಯ ಭಾಷೆ ಬಲ್ಲ ಸಹಾಯಕರು, ಕಡತದ ಪೂರ್ಣ ಪ್ರತಿ, ಇವಿಷ್ಟನ್ನು ಮೊದಲ ವಾಯಿದೆಗೆ ಮುನ್ನವೇ ಒದಗಿಸಲಿ.