ಆಲಿಕಲ್ಲಿನ ಒದ್ದೆ ಮೈ

ಬೇಸಿಗೆಯ ಅಡ್ಡಮಳೆಯ ಜೊತೆ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆ ಒಮ್ಮೊಮ್ಮೆ ಆಲಿಕಲ್ಲು ಬೀಳುವುದುಂಟು. ದೊಡ್ಡವರಿಗೆ ಮಾವು, ಎಲೆಬಳ್ಳಿಯ ಚಿಂತೆ. ಮಕ್ಕಳಿಗೆ ಆರಿಸುವ ಸಂಭ್ರಮ. ಎರಡು ಆಲಿಕಲ್ಲನ್ನು ಮೆಲ್ಲಗೆ ಒತ್ತಿ ಹಿಡಿದರೆ ಅಂಟಿಕೊಳ್ಳುತ್ತವೆ. ಬೆಣಚುಕಲ್ಲು ಹೀಗೆ ಅಂಟುವುದಿಲ್ಲವಲ್ಲ, ಏಕೆ?

1850ರಲ್ಲಿ ಲಂಡನ್ನಿನ ಮೈಕೇಲ್ ಫ್ಯಾರಡೆ ಇದಕ್ಕೆ ಉತ್ತರ ಸೂಚಿಸಿದರು. ಮಂಜುಗಡ್ಡೆಯ ಮೈಮೇಲೆ ನೀರಿನ ತೆಳುಪೊರೆ ಇರುತ್ತದೆ; ಎರಡು ತುಂಡು ಕೂಡಿದಾಗ ನಡುವಿನ ಪೊರೆ ಹೆಪ್ಪುಗಟ್ಟಿ ಬೆಸೆಯುತ್ತದೆ ಎಂದರು. ಆದರೆ ಅಷ್ಟು ತೆಳುವಾದ ಪೊರೆಯನ್ನು ಅಳೆಯುವ ಸಾಧನ ಅಂದು ಇರಲಿಲ್ಲ.

ಮುಂದೆ ಕಂಪ್ಯೂಟರು ನೆರವಿಗೆ ಬಂತು. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್, ಫ್ರಾಂಕ್ ಸ್ಟಿಲಿಂಜರ್ ಜೊತೆಗೂಡಿ 1971ರಲ್ಲಿ ನೀರಿನ 216 ಅಣುಗಳ ಚಲನೆಯನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕಹಾಕಿದರು. ಆಮೇಲೆ ಇದೇ ವಿಧಾನವನ್ನು ಮಂಜುಗಡ್ಡೆಯ ಮೇಲ್ಮೈಗೂ ಅನ್ವಯಿಸಲಾಯಿತು. ಒಳಗಿನ ಪ್ರತಿ ಅಣುವನ್ನು ನಾಲ್ಕು ನೆರೆ ಅಣುಗಳು ಹಿಡಿದಿರುತ್ತವೆ. ಅಂಚಿನ ಅಣುವಿಗೆ ಮೇಲುಗಡೆ ನೆರೆಯಿಲ್ಲ, ಹಿಡಿತ ಸಡಿಲ. ಹಾಗಾಗಿ ಸೊನ್ನೆ ಡಿಗ್ರಿಗಿಂತ ತುಸು ಕೆಳಗೂ ಅದು ನೀರಿನಲ್ಲಿದ್ದಂತೆ ಜಾಗ ಬದಲಿಸುತ್ತದೆ.

ಇದು ಬರೀ ಕುತೂಹಲದ ಮಾತಲ್ಲ. ಗುಡುಗುಮೋಡದಲ್ಲಿ ಹಿಮಹರಳುಗಳು ಎಳೆಯ ಆಲಿಕಲ್ಲುಗಳಿಗೆ ಡಿಕ್ಕಿ ಹೊಡೆದಾಗ ವಿದ್ಯುದಂಶ ಹಂಚಿಹೋಗುತ್ತದೆ. ಸಿಡಿಲಿನ ಮೂಲ ಅಲ್ಲಿದೆ. ಹಂಚಿಕೆ ನಡೆಯುವುದು ಈ ಮೇಲ್ಮೈಯಲ್ಲೇ. ಅದರ ಪೂರ್ಣ ವಿವರ ಇನ್ನೂ ಬಗೆಹರಿದಿಲ್ಲ. ಬಯಲಲ್ಲಿ ದುಡಿಯುವವರಿಗೆ ಸಿಡಿಲು ಪ್ರಾಣದ ಪ್ರಶ್ನೆ. ಇಂದಿನ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸ ಕಾದಿದೆ.

ಮಕ್ಕಳೇ, ಆಲಿಕಲ್ಲಿನ ಆಸೆಗೆ ಗುಡುಗಿನಲ್ಲಿ ಹೊರಗೆ ಓಡಬೇಡಿ, ಮರದಡಿ ನಿಲ್ಲಬೇಡಿ. ಫ್ರಿಜ್ಜಿನ ಎರಡು ಐಸ್ ತುಂಡು ಒತ್ತಿ ಹಿಡಿದರೂ ಅದು ಫ್ಯಾರಡೆಯ ಪ್ರಯೋಗವೇ.