ಅವರ ನಾಯಕಿ, ನಮ್ಮ ಅವ್ವಂದಿರು

ಗೋಕಾಕ ಬಸ್‌ ಸ್ಟ್ಯಾಂಡಿನ ಹತ್ತಿರ ಹಳೇ ಪುಸ್ತಕದ ರಾಶಿಯೊಳಗೆ ಒಂದು ಕಾದಂಬರಿ ಸಿಕ್ಕಿತು. ಚೆಲುವೆಯೊಬ್ಬಳು ಪರದೇಶಕ್ಕೆ ಹೋಗುತ್ತಾಳೆ. ಪಾಸ್‌ಪೋರ್ಟ್ ಕಸಿದುಕೊಂಡು ಅರಮನೆಯಂಥ ಬಂಗಲೆಯಲ್ಲಿ ಕೂಡಿಹಾಕುತ್ತಾರೆ. ಕಡೆಗೆ ನಾಯಕ ಪಿಸ್ತೂಲು ಹಿಡಿದು ಬರುತ್ತಾನೆ. ಬಿಡಿಸುತ್ತಾನೆ. ತಾಳಿ ಕಟ್ಟುತ್ತಾನೆ. ಶುಭಂ.

ಮನಿಗೆ ಬಂದು ಅವ್ವಗ ಕತಿ ಹೇಳಿದೆ. ಅಕ್ಷರ ಕಾಣದ ಅವ್ವ ಜೋಳ ಹಸನ ಮಾಡಿಕೋತ ಕೇಳಿ ಅಂದಳು: "ಕತಿ ಚಲೋ ಐತಿ. ಖರೇ, ನಿಮ್ಮ ದೊಡ್ಡವ್ವನ್ನ ಮುಂಬೈಗೆ ಒಯ್ದಾಗ ಯಾ ಪಿಸ್ತೂಲಿನಂವ ಬಂದಿದ್ದನೋ ತಮ್ಮಾ?"

ನಾನು ಬಿ.ಎ. ಮಾಡಿದವ. ನಮ್ಮ ಮನೆತನದಾಗ ಮೊದಲನೇ ಡಿಗ್ರಿ. ಅವ್ವನ ಪ್ರಶ್ನೆಗೆ ಆ ಡಿಗ್ರಿಯಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ಈ ಮಾತು.

ಈ ಪ್ರಣಯ-ಸಾಹಸ ಕಾದಂಬರಿಕಾರರಿಗೆ ಸೆರೆಮನೆ ಯಾಕೆ ಸದಾ ಸಮುದ್ರದಾಚೆ ಇರುತ್ತದೆ? ಖಳನಾಯಕ ಯಾಕೆ ಸದಾ ಬೇರೆ ದೇಶದವ, ಬೇರೆ ಧರ್ಮದವ? ಯಾಕಂದರೆ ಅವ ದೂರದವನಾದರೆ ಓದುಗ ಸುಖವಾಗಿ ನಿದ್ದೆ ಮಾಡಬಹುದು. ತನ್ನೂರ ಗೌಡನ ಕಡೆ, ತನ್ನೂರ ಗುಡಿಯ ಕಡೆ ಕಣ್ಣೆತ್ತಿ ನೋಡಬೇಕಾಗಿಲ್ಲ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹೊಲೆಮಾದಿಗರ ಕೇರಿಗಳಿಗೆ ಬರ್ರಿ. ಪಾಸ್‌ಪೋರ್ಟಿನ ಹೆಸರೂ ಕೇಳದ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಹೆಸರು ದೇವಿಯದು, ಉಪಭೋಗ ಉಳ್ಳವರದು. ಎಷ್ಟೋ ಮಂದಿ ಘಟಪ್ರಭಾ ಸ್ಟೇಷನ್ನಿನಾಗ ರೈಲು ಹತ್ತಿ ಕಾಮಾಟಿಪುರ ಸೇರಿದರು. ಭಾಷೆ ಬಾರದ, ಮರಳುವ ದಾರಿ ಕಾಣದ ಅವರಿಗೆ ಮುಂಬೈಯೇ ಪರದೇಶ. ಕಾದಂಬರಿಯಲ್ಲಿ ತಾಳಿ ಬಿದ್ದರೆ ಸೆರೆ ಮುಗಿಯುತ್ತದೆ. ನಮ್ಮಲ್ಲಿ ಸೆರೆ ಶುರುವಾದದ್ದೇ ದೇವರ ಹೆಸರಿನ ಈ ಮದುವೆಯಿಂದ!

ಕಾನೂನು ಇರಲಿಲ್ಲವೇ? ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣಾ ಕಾಯ್ದೆ ಬಂತು. ಕರ್ನಾಟಕದ ನಿಷೇಧ ಕಾಯ್ದೆ 1982ರದು. ಜಾರಿಗೆ ಬಂದದ್ದು 1984ರಲ್ಲಿ. ಆದರೂ 1993-94 ಮತ್ತು 2007-08ರ ಸರಕಾರಿ ಸಮೀಕ್ಷೆಗಳಲ್ಲಿ ರಾಜ್ಯದ 46,000ಕ್ಕೂ ಹೆಚ್ಚು ಹೆಂಗಸರು ಸಿಕ್ಕರು. ಬಹುಪಾಲು ದಲಿತರು. ಇಷ್ಟು ದೊಡ್ಡ ಸೆರೆಮನೆಗೆ ಒಬ್ಬ ನಾಯಕನಾದರೂ ಬರಬೇಕಿತ್ತಲ್ಲ!

ಪರದೇಶದ ಸೆರೆ ಬರೀ ಸುಳ್ಳು ಎನ್ನುತ್ತಿಲ್ಲ. ಕೊಲ್ಲಿ ದೇಶಗಳ ಮನೆಗೆಲಸಕ್ಕೆ ಹೋಗಿ, ವೀಸಾ ಮಾಲೀಕನ ಮುಷ್ಟಿಯಲ್ಲಿ ಸಿಕ್ಕಿ, ಪಗಾರ ಕಾಣದೆ ನರಳಿದ ಬಡ ಹೆಂಗಸರು ಖರೇನೇ ಇದ್ದಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ಹೊತ್ತಿ ಉರಿದಾಗ ಗಿಡಮೂಲಿಕೆ ಔಷಧ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳು ಗುಂಡಿನ ಸದ್ದಿನ ನಡುವೆ ಸಿಕ್ಕಿಬಿದ್ದರು. ಆದರೆ ಕಾದಂಬರಿಯ ಚೆಲುವೆ ಅಪಾಯ ಹುಡುಕಿಕೊಂಡು ಹೋಗುತ್ತಾಳೆ. ನಮ್ಮವರನ್ನು ಹೊಟ್ಟೆ ದೂಡುತ್ತದೆ. ಹೊಟ್ಟೆಯ ಮಾತು ಬಂದರೆ ಪ್ರಣಯ ಕೆಡುತ್ತದಲ್ಲ, ಅದಕ್ಕೇ ಅದು ಪುಟದೊಳಗೆ ಬರುವುದಿಲ್ಲ.

ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ 'ಜರತಾರಿ ಜಗದ್ಗುರು' ಬರೆದರು. ಅವರ ಖಳನನ್ನು ವಿಮಾನದಲ್ಲಿ ತರಿಸಬೇಕಾಗಲಿಲ್ಲ. ಮಠದ ಗದ್ದಿಗೆಯ ಮೇಲೇ ಕೂತಿದ್ದ. ಈ ಮಣ್ಣಿನ ಕಾದಂಬರಿಕಾರನಿಗೆ ಇದ್ದ ಎದೆಗಾರಿಕೆ ಇವರಿಗೆ ಯಾಕಿಲ್ಲ?

ಪ್ರೀತಿಯ ಕತೆ ಬೇಡವೆಂದು ಯಾರಂದರು? ನಮ್ಮ ದೊಡ್ಡವ್ವಗೂ ಪ್ರೀತಿ ಬೇಕಿತ್ತು. ಅದನ್ನೂ ಬರೆಯಿರಿ. ಆದರೆ ಹೆಣ್ಣು ತಾನಾಗಿ ಬಿಡಿಸಿಕೊಳ್ಳಲಾರಳು, ಗಂಡೊಬ್ಬ ಬಂದು ಎತ್ತಿಕೊಂಡು ಹೋಗಬೇಕು ಎಂಬ ಸುಳ್ಳು ಬರೆಯಬೇಡಿ. ಅದೂ ಒಂದು ಮುತ್ತು ಕಟ್ಟುವ ಕೆಲಸವೇ.

ಖರೇ ಬಿಡುಗಡೆ ಹೆಂಗಿರತೈತಿ ನೋಡಬೇಕೇ? ನಮ್ಮವರನ್ನು ರೈಲು ಹತ್ತಿಸಿದ ಅದೇ ಘಟಪ್ರಭಾದಲ್ಲಿ, ಮುತ್ತು ಹರಿದೊಗೆದ ಹೆಂಗಸರ ಸಂಘಟನೆ 1997ರಿಂದ ಕೆಲಸ ಮಾಡುತ್ತ ಬಂದಿದೆ: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಇನ್ನೊಬ್ಬ ಹುಡುಗಿಗೆ ಮುತ್ತು ಬೀಳದಂತೆ ಕಾಯುವವರು ಅವರೇ. ಸಾಲಿಯ ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಖಾಲಿ ಗೆರೆಯ ಮುಂದೆ ಮಗುವಿನ ಪರವಾಗಿ ನಿಂತವರೂ ಇಂಥ ತಾಯಂದಿರೇ. ಅಲ್ಲಿ ಪಿಸ್ತೂಲಿಲ್ಲ, ಶುಭಂ ಇಲ್ಲ. ಮರುದಿನದ ರೊಟ್ಟಿಯ ಚಿಂತೆ ಐತಿ, ಮಕ್ಕಳ ಸಾಲಿ ಐತಿ.

ಕಾದಂಬರಿಕಾರರೇ, ವಿಮಾನದಿಂದ ಇಳಿಯಿರಿ. ಘಟಪ್ರಭಾ ಸ್ಟೇಷನ್ನಿಗೆ ಬರ್ರಿ. ಬರೆಯಲು ಕೈ ನಡುಗಿದರೆ ಪೆನ್ನು ಕೆಳಗಿಡಿರಿ. ಆ ತಾಯಂದಿರ ಮಕ್ಕಳು ಈಗ ಅಕ್ಷರ ಕಲಿತಿದ್ದಾರೆ, ಅವರು ಬರೆಯುತ್ತಾರೆ.